1973ರ ಸ್ಪಿಟ್‌ಫೈರ್ ತಗೊಂಡಿದ್ದೇನೆ. ಮೊದಲು ಬಣ್ಣ ಮಾಡಿಸಲಾ, ಎಂಜಿನ್ ಬಿಚ್ಚಿಸಲಾ?

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್, ಕೊವೆಂಟ್ರಿ | ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಇರುವುದು ಕೊವೆಂಟ್ರಿ. ಹೋದ ಶನಿವಾರ ಮನೆಯಲ್ಲಿ ಸರಿಯಾಗಿ ಹೇಳದೆ ಒಂದು ಕಾರು ತಗೊಂಡು ಬಂದೆ. 1973ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 4. ಎರಡು ಸೀಟು, ಬಟ್ಟೆ ಟಾಪು, 1296 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬೊರೇಟರ್. ಓವರ್‌ಡ್ರೈವ್ ಇಲ್ಲ. ಕೆಂಪು ಬಣ್ಣ.

ಇದಕ್ಕೆಲ್ಲ ಕಾರಣ ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಅದೊಂದಿತ್ತು. ಬಾನೆಟ್ಟು, ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ನಾನು ಮುಂದಿನ ಟೈರಿನ ಮೇಲೆ ಕೂತು ಅಪ್ಪನ ಕೈಗೆ ಪಾನಾ ಕೊಡುತ್ತಿದ್ದೆ. ಇಲ್ಲಿ ಮಾರುವವರು ಸ್ಪಿಟ್‌ಫೈರ್ ಬಾನೆಟ್ ಎತ್ತಿದರು, ಅದೂ ಅದೇ ಥರ ಮಗುಚಿಕೊಂಡಿತು. ಆಮೇಲೆ ನನಗೆ ಚೌಕಾಸಿ ಮಾಡಲು ಬಾಯೇ ಬರಲಿಲ್ಲ.

ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಗಡಗಡ ಸದ್ದು, ಆಮೇಲೆ ಇಲ್ಲ. ಡ್ರೈವರ್ ಕಡೆ ಬಾಗಿಲು ಮುಚ್ಚುವಾಗ ಹಿಂಬದಿಯಲ್ಲಿ, ಮೇಲ್ಗಡೆ ಸ್ವಲ್ಪ ತಾಗುತ್ತದೆ. ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿದೆ. 40 ವರ್ಷ ದಾಟಿದ ಗಾಡಿ, ಎಂಒಟಿ (ಇಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ಗಾಡಿ ತಪಾಸಣೆ) ಬೇಡ, ರೋಡ್ ಟ್ಯಾಕ್ಸೂ ಇಲ್ಲ ಅಂದರು. ನಾಲ್ಕು ವರ್ಷದಿಂದ ಯಾರೂ ಕೆಳಗೆ ಬಗ್ಗಿ ನೋಡಿಲ್ಲ ಅನಿಸುತ್ತದೆ. ನನ್ನ ಹತ್ತಿರ ದುಡ್ಡು ಲಿಮಿಟ್ಟಲ್ಲಿದೆ. ಮೊದಲು ಬಣ್ಣ ಮಾಡಿಸಲಾ, ಎಂಜಿನ್ ಬಿಚ್ಚಿಸಲಾ?

ಏಳು_ಬೈ_ಹದಿನಾರು, ಲೆಸ್ಟರ್ | ಮಾರ್ಚ್ 8

ಎರಡೂ ಬೇಡ. ಬಣ್ಣಕ್ಕೆ ಇಟ್ಟ ದುಡ್ಡನ್ನು ಮುಟ್ಟಬೇಡಿ, ಬೇರೆ ಕಡೆ ಬೇಕಾಗುತ್ತದೆ.

ನೀವು ಬರೆದದ್ದರಲ್ಲಿ ನನಗೆ ಗಾಬರಿಯಾದದ್ದು ಬಾಗಿಲು. ಸ್ಪಿಟ್‌ಫೈರ್ 1962ರಲ್ಲಿ ಬಂದಾಗ ಹೆರಾಲ್ಡಿನ ಛಾಸಿಯನ್ನೇ ಗಿಡ್ಡ ಮಾಡಿ ಅದರ ಮೇಲೆ ಕಟ್ಟಿದ್ದು. ಎರಡರ ರೂಪವೂ ಮಿಕೆಲೊಟ್ಟಿ ಎಂಬ ಇಟಲಿಯವನ ಕೈಯಿಂದ ಬಂದದ್ದು. ಹಾಗಾಗಿ ನಿಮ್ಮ ಅಪ್ಪನ ಗಾಡಿ ನೆನಪಾದದ್ದು ಸರಿಯೇ. ಆದರೆ ಒಂದು ವ್ಯತ್ಯಾಸ ಇದೆ. ಹೆರಾಲ್ಡಿನ ಛಾಸಿಗೆ ಎರಡು ಪಕ್ಕದಲ್ಲೂ ಉದ್ದಕ್ಕೆ ಪಟ್ಟಿ ಓಡುತ್ತದೆ. ಸ್ಪಿಟ್‌ಫೈರಿಗೆ ಅದಿಲ್ಲ. ನಡುವೆ ಬೆನ್ನೆಲುಬಿನಂಥ ಛಾಸಿ ಮಾತ್ರ. ಪಕ್ಕದ ಭಾರವನ್ನೆಲ್ಲ ಬಾಗಿಲ ಕೆಳಗಿನ ಸಿಲ್ ಹೊರಬೇಕು. ಮೇಲೆ ಛಾವಣಿ ಇಲ್ಲದ ಗಾಡಿ ಬೇರೆ. ಸಿಲ್ ತುಕ್ಕು ತಿಂದರೆ ಕಾರು ಹಳೇ ಮಂಚದ ಹಾಗೆ ನಡುವೆ ಜೋತು ಬೀಳುತ್ತದೆ. ಬಾಗಿಲ ಸಂದು ಮೇಲ್ಗಡೆ ಕಿರಿದಾಗಿ ತಾಗಲು ಶುರುವಾಗುತ್ತದೆ. ನಿಮ್ಮದು ಅದೇ ಇರಬಹುದು, ಅಥವಾ ಸುಮ್ನೆ ಹಿಂಜ್ ಸವೆದಿರಬಹುದು. ನೋಡದೆ ಹೇಳಲು ಆಗಲ್ಲ.

ಒಂದು ಅಯಸ್ಕಾಂತ, ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಕೆಳಗೆ ಮಲಗಿ. ಸಿಲ್ ಉದ್ದಕ್ಕೂ ಅಯಸ್ಕಾಂತ ಹಿಡಿಯಿರಿ. ಹಿಡಿಯದ ಕಡೆ ಪುಟ್ಟಿ ಇದೆ ಅಂತ ಅರ್ಥ. ಕಾಲಿಡುವ ಜಾಗದ ತಗಡು ಚುಚ್ಚಿ ನೋಡಿ. ಸೀಟಿನ ಹಿಂದೆ, ಹಿಂದಿನ ಚಕ್ರದಿಂದ ಬರುವ ಉದ್ದನೆ ಕಡ್ಡಿ ಬಾಡಿಗೆ ಸೇರುವ ಜಾಗ ಇದೆಯಲ್ಲ, ಅದನ್ನು ಮರೆಯದೆ ನೋಡಿ. ಅಲ್ಲಿ ತುಕ್ಕು ಬಂದರೆ ಹಿಂದಿನ ಚಕ್ರ ತನಗೆ ಬೇಕಾದ ಕಡೆ ಹೋಗುತ್ತದೆ.

ಬೆಳಗಿನ ಗಡಗಡಕ್ಕೆ ಈಗಲೇ ಹೆದರಬೇಡಿ. ರಾತ್ರಿಯೆಲ್ಲ ಫಿಲ್ಟರಿನಿಂದ ಆಯಿಲ್ ಕೆಳಗೆ ಇಳಿದಿರುತ್ತದೆ. ಒಳಗೆ ವಾಲ್ವ್ ಇರುವ, ಆಯಿಲ್ ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಹಾಕಿ, 20ಡಬ್ಲ್ಯು50 ಆಯಿಲ್ ಹಾಕಿ ನೋಡಿ. ಸದ್ದು ಹೋದರೆ ಬಚಾವ್.

ಇನ್ನೊಂದು ಮಾತು. ಅರ್ಧ ಇಂಚಿನ ನಟ್ಟಿಗೆ 13 ಮಿ.ಮೀ. ಪಾನಾ ಕೂರುತ್ತೆ ಅಂತ ಹಾಕಬೇಡಿ. ಮೂರು ಸಲಕ್ಕೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಇಂಚಿನ ಸೆಟ್ ಒಂದು ತಗೊಳ್ಳಿ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತಲ್ಲ, ಯಾವ ಸೈಜು ಜಾಸ್ತಿ ಬೇಕು ಅಂತ.

ಸುಮ್ನೆ_ಕೇಳ್ದೆ, ಬೆಂಗಳೂರು | ಮಾರ್ಚ್ 9

ಸುಮ್ನೆ ಕೇಳ್ದೆ. ಅದೇ ದುಡ್ಡಿಗೆ ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರು ಬರುತ್ತಿರಲಿಲ್ವಾ? ಏಸಿ ಇರುವುದು?

ಮಿಡ್ಜೆಟ್_ಅಕ್ಕ, ರೆಡಿಂಗ್ | ಮಾರ್ಚ್ 9

ಬರುತ್ತಿತ್ತು. ಮುಂದಿನ ಪ್ರಶ್ನೆ.

ತಮ್ಮಾ, ನನ್ನ ಹತ್ತಿರ ಇರುವುದು ಎಂಜಿ ಮಿಡ್ಜೆಟ್. ಸ್ಪಿಟ್‌ಫೈರಿನ ಪಕ್ಕದ ಮನೆ ಜಗಳಗಂಟಿ ಅಂದುಕೊಳ್ಳಿ. ಕೊನೆಕೊನೆಗೆ ಇಬ್ಬರಿಗೂ ಒಂದೇ ಎಂಜಿನ್ ಆಯಿತು. 1974ರ ಕೊನೆಯಿಂದ ಎಂಜಿಗೂ ಟ್ರಯಂಫಿನ 1493 ಸಿಸಿ ಎಂಜಿನ್ನೇ ಹಾಕಿದರು. ಎಂಜಿ ಜನ ಇವತ್ತಿಗೂ ಅದನ್ನು ಬಾಯಿ ಬಿಟ್ಟು ಹೇಳಲ್ಲ.

ಎಂಒಟಿ ವಿಷಯಕ್ಕೆ ಬರುತ್ತೇನೆ. 2018ರ ಮೇ 20ರಿಂದ 40 ವರ್ಷ ದಾಟಿದ ಗಾಡಿಗೆ ಎಂಒಟಿ ಕಡ್ಡಾಯ ಇಲ್ಲ, ನಿಜ. ಕಳೆದ 30 ವರ್ಷದಲ್ಲಿ ಗಾಡಿಯನ್ನು ತೀರಾ ಬದಲಾಯಿಸಿರಬಾರದು ಅಂತ ಷರತ್ತು ಇದೆ. ಆದರೆ ಗಾಡಿ ರಸ್ತೆಗೆ ಯೋಗ್ಯವಾಗಿರಬೇಕು ಎಂಬ ಕಾನೂನು ಹಾಗೇ ಇದೆ. ಬ್ರೇಕು ಹಿಡಿಯದ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಎಂಒಟಿ ಬೇಡ ಅಂದಿದ್ರು ಅಂತ ಹೇಳಿ ತಪ್ಪಿಸಿಕೊಳ್ಳಲು ಆಗಲ್ಲ. ನಾನು ಪ್ರತಿ ಏಪ್ರಿಲ್ ದುಡ್ಡು ಕೊಟ್ಟು ಎಂಒಟಿ ಮಾಡಿಸುತ್ತೇನೆ. ಇನ್ನೊಬ್ಬರು ಟಾರ್ಚ್ ಹಿಡಿದು ಗಾಡಿ ಕೆಳಗೆ ಅರ್ಧ ಗಂಟೆ ನಿಂತು ನೋಡುತ್ತಾರೆ, ಅಷ್ಟು ಸಾಕು.

ಹೆರಾಲ್ಡ್_ಮಾವ, ಮೈಸೂರು | ಮಾರ್ಚ್ 10

ಮಗು, ನನ್ನ ಹತ್ತಿರ ಮದರಾಸಿನಲ್ಲಿ ತಯಾರಾದ ನಾಲ್ಕು ಬಾಗಿಲಿನ ಹೆರಾಲ್ಡ್ ಈಗಲೂ ಇದೆ. ಇಂಗ್ಲೆಂಡಿನಲ್ಲಿ ನಾಲ್ಕು ಬಾಗಿಲಿನದ್ದು ಮಾಡಲೇ ಇಲ್ಲ, ನಮ್ಮಲ್ಲಿ ಮಾತ್ರ. ಇಲ್ಲಿ ಬರೆಯುವವರಿಗೆಲ್ಲ ಬಾಡಿ, ಸಿಲ್ ಅಂತ ಚಿಂತೆ. ನಮಗೆ ಅಷ್ಟು ತುಕ್ಕು ಬರಲ್ಲ, ರಸ್ತೆಗೆ ಉಪ್ಪು ಹಾಕುವ ಪದ್ಧತಿ ಇಲ್ಲವಲ್ಲ. ನಾನು ಹೇಳುವುದು ಮುಂದಿನ ಚಕ್ರದ ವಿಷಯ.

ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಬೇಕಾದರೆ ಕೆಳಗಡೆ ಏನೋ ಒಂದರ ಮೇಲೆ ತಿರುಗಬೇಕು. ಬೇರೆ ಗಾಡಿಗಳಲ್ಲಿ ಅಲ್ಲಿ ಬಾಲ್ ಜಾಯಿಂಟ್ ಇರುತ್ತದೆ. ಹೆರಾಲ್ಡಿನಲ್ಲಿ, ನಿನ್ನ ಸ್ಪಿಟ್‌ಫೈರಿನಲ್ಲೂ ಅಷ್ಟೇ, ಕಂಚಿನ ಒಂದು ತುಂಡು ಇದೆ. ಟ್ರನಿಯನ್ ಅಂತಾರೆ. ಒಳಗೆ ಮರೆ, ಅಂದರೆ ಸ್ಕ್ರೂಗೆ ಇರುವಂಥ ಸುರುಳಿ ಗೆರೆ. ಚಕ್ರ ಹಿಡಿದಿರುವ ಉಕ್ಕಿನ ಕಂಬ ಬೋಲ್ಟಿನ ಹಾಗೆ ಅದರೊಳಗೆ ಇಳಿದಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗೆಲ್ಲ ಆ ಮರೆ ಒಂಚೂರು ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಆಯಿಲ್. ಗ್ರೀಸು ಅಲ್ಲವೇ ಅಲ್ಲ.

1979ರಲ್ಲಿ ಅಂತ ನೆನಪು. ನಂಜನಗೂಡಿಗೆ ಹೊರಟಿದ್ದೆವು. ಪೆಟ್ರೋಲ್ ಬಂಕಿನಿಂದ ರಸ್ತೆಗೆ ತಿರುಗಿಸಿದೆ, ನಡೆಯುವಷ್ಟೇ ಸ್ಪೀಡು. ಟಕ್ ಅಂದಿತು. ಮುಂದಿನ ಬಲ ಚಕ್ರ ಮಡಚಿಕೊಂಡು ಗಾಡಿ ಮೂಗು ಊರಿತು. ಹಸುವೊಂದು ಮಂಡಿ ಊರಿದ ಹಾಗೆ. ಹಿಂದೆ ನನ್ನ ಹೆಂಡತಿ, ಅತ್ತೆ, ಬುಟ್ಟಿಯಲ್ಲಿ ಹಣ್ಣುಕಾಯಿ. ಯಾರಿಗೂ ಏನೂ ಆಗಲಿಲ್ಲ. ಅದೇ ಐದು ನಿಮಿಷ ಕಳೆದು ಆಗಿದ್ದರೆ ನಾನಿವತ್ತು ಇದನ್ನು ಬರೆಯುತ್ತಿರಲಿಲ್ಲ.

ಬಿಚ್ಚಿ ನೋಡಿದರೆ ಒಳಗೆ ಕಲ್ಲಿನಂಥ ಗ್ರೀಸು. ಸರ್ವಿಸ್ ಮಾಡುತ್ತಿದ್ದ ಗ್ಯಾರೇಜಿನವರು ಪ್ಲಗ್ ತೆಗೆದು ನಿಪ್ಪಲ್ ಹಾಕಿ ವರ್ಷಗಟ್ಟಲೆ ಗ್ರೀಸು ಒತ್ತಿದ್ದರು. ಒಳ್ಳೆಯದಕ್ಕೇ ಮಾಡಿದ್ದು ಪಾಪ. ಗ್ರೀಸು ಮರೆಯೊಳಗೆ ಹರಿಯಲ್ಲ. ಸೀಲಿನಿಂದ ನೀರು ಇಳಿದು ಅಲ್ಲೇ ನಿಲ್ಲುತ್ತದೆ. ಉಕ್ಕಿನ ಕಂಬ ಮರೆಯ ಹತ್ತಿರ ತುಕ್ಕು ತಿಂದು ತೆಳ್ಳಗಾಗಿ ಒಂದು ದಿನ ಮುರಿಯುತ್ತದೆ. ನಿನ್ನ ಗಾಡಿಯಲ್ಲಿ ಏನಿದೆ ನೋಡಿ ಹೇಳು. ಅಲ್ಲಿವರೆಗೆ ಓಡಿಸಬೇಡ.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಮಾರ್ಚ್ 15

ಮಾವ, ನೋಡಿದೆ. ನಿಪ್ಪಲ್ ಇದೆ. ಸುತ್ತ ಕಪ್ಪು ಗ್ರೀಸು ಮೆತ್ತಿದೆ.

ಸಿಲ್ ವಿಷಯ ಇನ್ನೂ ಕೆಟ್ಟದು. ಡ್ರೈವರ್ ಕಡೆ ಅಯಸ್ಕಾಂತ ಒಂದು ಗೇಣಿನಷ್ಟು ಉದ್ದ ಹಿಡಿಯಲೇ ಇಲ್ಲ. ಸ್ಕ್ರೂಡ್ರೈವರ್ ಒತ್ತಿದೆ. ಹಿಡಿವರೆಗೆ ಒಳಗೆ ಹೋಯಿತು. ಎಳೆದರೆ ಪುಟ್ಟಿ, ಅದರ ಹಿಂದೆ ಹಳೇ ಪೇಪರ್, ಅದರ ಹಿಂದೆ ಇನ್ನೊಂದು ಸಿಲ್! ಹಳೇ ತುಕ್ಕಿನ ಮೇಲೆ ಹೊಸ ತಗಡು ಹೊದಿಸಿದ್ದಾರೆ. ಮೇಲೆ ಥಳಕು ಒಳಗೆ ಹುಳುಕು ಅಂತ ಅಜ್ಜಿ ಹೇಳುತ್ತಿದ್ದದ್ದು ಇದಕ್ಕೇ ಇರಬೇಕು.

ಛಾಸಿ ಮಾತ್ರ ಚೆನ್ನಾಗಿದೆ. ಎಂಜಿನ್ ಕೆಳಗಿನ ಭಾಗವಂತೂ ಹೊಸದರ ಹಾಗಿದೆ. ವರ್ಷಾನುಗಟ್ಟಲೆ ಆಯಿಲ್ ಸೋರಿ ಅದಕ್ಕೆ ಅಭ್ಯಂಜನ ಆಗಿದೆ.

ಹೆಂಡತಿ ಬಂದು ನೋಡಿದಳು. ಏನೂ ಹೇಳಲಿಲ್ಲ. ಅದೇ ಜಾಸ್ತಿ ಭಯ.

ಏಳು_ಬೈ_ಹದಿನಾರು | ಮಾರ್ಚ್ 15

ಒಳ್ಳೆದಾಯ್ತು, ಬಣ್ಣ ಹೊಡೆಸಿದ ಮೇಲೆ ಗೊತ್ತಾಗಿದ್ದರೆ ಎರಡು ಸಲ ಅಳಬೇಕಿತ್ತು.

ಈಗ ಒಂದು ಮುಖ್ಯ ಮಾತು. ಆ ಸಿಲ್ಲನ್ನು ಗ್ರೈಂಡರಿನಲ್ಲಿ ಕತ್ತರಿಸಲು ಹೋಗಬೇಡಿ. ಬಾಡಿ ಛಾಸಿಯಿಂದ ಎತ್ತಲೂ ಬೇಡಿ. ಹೇಗೂ ಬೇರೆ ಛಾಸಿ ಇದೆ, ಬಾಡಿ ಎತ್ತಿಟ್ಟು ಆರಾಮಾಗಿ ಕೆಲಸ ಮಾಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತ್ತು. ನನ್ನ ಮೊದಲನೇ ಗಾಡಿಯಲ್ಲಿ ಕೊಳೆತ ಸಿಲ್ ಇದ್ದ ಹಾಗೇ ಬಾಡಿ ಎತ್ತಿದೆ. ಮತ್ತೆ ಕೂರಿಸಿದಾಗ ಎರಡು ಬಾಗಿಲೂ ಮುಚ್ಚಲಿಲ್ಲ. ಆ ಬಾಡಿ ಕೊನೆಗೆ ಗುಜರಿಗೆ ಹೋಯಿತು.

ಕ್ರಮ ಹೀಗೆ. ಗಾಡಿ ಸಮತಟ್ಟು ನೆಲದಲ್ಲಿ ತನ್ನ ಚಕ್ರದ ಮೇಲೆ ನಿಂತಿರಲಿ. ಮೊದಲು ಬಾಗಿಲ ಹಿಂಜ್ ಸರಿ ಮಾಡಿ. ಆಮೇಲೆ ಛಾಸಿಗೂ ಬಾಡಿಗೂ ನಡುವಿನ ಬಿಲ್ಲೆಗಳನ್ನು ಏರಿಳಿಸಿ ಬಾಗಿಲ ಸಂದು ಸರಿ ಬರುತ್ತಾ ನೋಡಿ. ಬಂದ ಮೇಲೆ ಬಾಗಿಲ ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಚೌಕದ ಕಬ್ಬಿಣದ ಪೈಪು ಬಿಗಿದು ನಿಲ್ಲಿಸಿ. ಆಗ ಮಾತ್ರ ಕತ್ತರಿಸಿ, ಅದೂ ಒಂದು ಸಲಕ್ಕೆ ಒಂದೇ ಪಕ್ಕ. ಸ್ಪಿಟ್‌ಫೈರ್ ಸಿಲ್ ಅಂದರೆ ಮೂರು ಪದರ. ಒಳಗಿನದು, ನಡುವಿನ ಬಲದ ತಗಡು, ಹೊರಗಿನದು. ನಡುವಿನದ್ದನ್ನು ಹಾಕದೆ ಹೊರಗಿನದು ಮಾತ್ರ ಹಾಕಿ ಮುಚ್ಚುವವರಿದ್ದಾರೆ. ಹೊರಗೆ ನಿಂತು ನೋಡಿದರೆ ಗೊತ್ತೇ ಆಗಲ್ಲ. ಅದಕ್ಕೇ ಪ್ರತಿ ಪದರದ ಫೋಟೋ ಕೇಳಿ.

ವೆಲ್ಡಿಂಗ್ ನೀವೇ ಮಾಡುವುದಾದರೆ ಬ್ಯಾಟರಿ ತೆಗೆಯಿರಿ, ಆಲ್ಟರ್ನೇಟರ್ ವೈರ್ ಕಳಚಿ, ಪೆಟ್ರೋಲ್ ಟ್ಯಾಂಕ್ ಗಾಡಿಯಿಂದಲೇ ಇಳಿಸಿ ದೂರ ಇಡಿ. ಟ್ಯಾಂಕ್ ಡಿಕ್ಕಿಯ ಮುಂಭಾಗದಲ್ಲಿ, ಸೀಟಿನ ಬೆನ್ನಿಗೇ ಇದೆ. ಮರೆಯಬೇಡಿ.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಮಾರ್ಚ್ 16

ವೆಲ್ಡಿಂಗ್ ನನ್ನಿಂದ ಆಗಲ್ಲ, ಅದಕ್ಕೆ ಒಬ್ಬರನ್ನು ಹುಡುಕುತ್ತೇನೆ. ಟ್ರನಿಯನ್ ನಾನೇ ಮಾಡಬೇಕು ಅಂತ ಆಸೆ. ಯಾವ ಆಯಿಲ್ ಮಾವ?

ಹೆರಾಲ್ಡ್_ಮಾವ | ಮಾರ್ಚ್ 16

ಗೇರ್ ಆಯಿಲ್. 90 ನಂಬರಿನ ಇಪಿ. ಹಿಂದಿನ ಡಿಫರೆನ್ಷಿಯಲ್‌ಗೆ ಹಾಕುವಂಥದ್ದು.

ಮಿಡ್ಜೆಟ್_ಅಕ್ಕ | ಮಾರ್ಚ್ 16

ಸ್ವಲ್ಪ ತಾಳಿ. ಜಿಎಲ್5 ದರ್ಜೆಯ ಆಯಿಲಿನ ಗಂಧಕ ಕಂಚನ್ನು ತಿನ್ನುತ್ತದೆ ಅಂತಾರಲ್ಲ? ಜಿಎಲ್4 ಹಾಕಿದರೆ ಒಳ್ಳೆಯದಲ್ವಾ?

ಏಳು_ಬೈ_ಹದಿನಾರು | ಮಾರ್ಚ್ 16

ಆ ಚಿಂತೆ ಗೇರ್‌ಬಾಕ್ಸಿಗೆ ಸರಿ. ಅಲ್ಲಿ ಹಿತ್ತಾಳೆಯ ರಿಂಗುಗಳು ಬಿಸಿ ಆಯಿಲಿನಲ್ಲಿ ದಿನವಿಡೀ ಮುಳುಗಿರುತ್ತವೆ, ಜಿಎಲ್4 ಹಾಕಬೇಕು. ಟ್ರನಿಯನ್ ಎಲ್ಲಿ ಬಿಸಿಯಾಗುತ್ತೆ ಅಕ್ಕ? ಆದರೂ ಗೇರ್‌ಬಾಕ್ಸಿಗೆ ಹೇಗೂ ಜಿಎಲ್4 ತರುತ್ತಾರಲ್ಲ, ಅದನ್ನೇ ಹಾಕಲಿ. ನಷ್ಟ ಇಲ್ಲ.

ಹೆರಾಲ್ಡ್_ಮಾವ | ಮಾರ್ಚ್ 16

ನೀವಿಬ್ಬರೂ ನಂಬರ್ ಬಗ್ಗೆ ಜಗಳ ಆಡಿ. ಮಗು, ಯಾವುದಾದರೂ ಹಾಕು, ಆದರೆ ವರ್ಷಕ್ಕೆ ಎರಡು ಸಲ ಹಾಕು. ಆಯಿಲ್ ತುಂಬಿಸಲು ಬೇರೆಯೇ ಒಂದು ಗನ್ ಇಟ್ಟುಕೋ. ಗ್ರೀಸ್ ಗನ್ನಿಗೇ ಆಯಿಲ್ ಹಾಕಿಕೊಂಡು ಮಾಡುವವರೂ ಇದ್ದಾರೆ, ಮೈ ಕೈಯೆಲ್ಲ ಆಯಿಲ್ ಆಗುತ್ತದೆ, ಆದರೆ ಕೆಲಸ ಆಗುತ್ತದೆ. ಜಾಕಿ ಕೊಟ್ಟು ಚಕ್ರ ಎತ್ತು. ಒತ್ತುತ್ತಾ ಸ್ಟೀರಿಂಗ್ ಆ ಕೊನೆಯಿಂದ ಈ ಕೊನೆಗೆ ತಿರುಗಿಸು. ಮೇಲಿನ ಸೀಲಿನಿಂದ ಆಯಿಲ್ ಜಿನುಗುವವರೆಗೆ ಒತ್ತು. ಮೊದಲು ಕಪ್ಪು ಬರುತ್ತದೆ, ಆಮೇಲೆ ಜೇನಿನ ಬಣ್ಣ.

ಆದರೆ ಇದು ಒಳ್ಳೆಯ ಟ್ರನಿಯನ್‌ಗೆ. ನಿನ್ನದಕ್ಕೆ ಗ್ರೀಸು ತಿನ್ನಿಸಿದ್ದಾರೆ. ಎರಡು ಕಡೆಯದ್ದೂ ಬಿಚ್ಚು. ಕಂಬದ ಮರೆಯಲ್ಲಿ ಚುಕ್ಕಿ ಚುಕ್ಕಿ ಹಳ್ಳ ಕಂಡರೆ ಎಸೆದುಬಿಡು. ಉಜ್ಜಿ ಬಳಸುತ್ತೇನೆ ಅನ್ನಬೇಡ.

ಏಳು_ಬೈ_ಹದಿನಾರು | ಮಾರ್ಚ್ 17

ಮಾವನ ಮಾತಿಗೆ ಎರಡು ಸೇರಿಸುತ್ತೇನೆ. ಎಡಗಡೆಯದ್ದು ಬೇರೆ, ಬಲಗಡೆಯದ್ದು ಬೇರೆ, ಮರೆ ಉಲ್ಟಾ ಇರುತ್ತದೆ. ಅಂಗಡಿಯಲ್ಲಿ ಒಂದೇ ಕಡೆಯದ್ದು ಎರಡು ತಂದುಬಿಡಬೇಡಿ. ಜೋಡಿಸುವಾಗ ಕಂಬವನ್ನು ಪೂರ್ತಿ ಒಳಗೆ ತಿರುಗಿಸಿ, ಆಮೇಲೆ ಸ್ವಲ್ಪ ಹಿಂದಕ್ಕೆ ಬಿಡಿ. ಸ್ಟೀರಿಂಗ್ ಪೂರ್ತಿ ತಿರುಗಿದಾಗ ಅದು ತಳಕ್ಕೆ ತಾಗಬಾರದು.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಏಪ್ರಿಲ್ 6

ಎಡಗಡೆ ಕಂಬ ಪರವಾಗಿಲ್ಲ. ಬಲಗಡೆಯದ್ದು ನೋಡಿ ಕೈ ತಣ್ಣಗಾಯಿತು. ಮರೆ ಮುಗಿಯುವ ಜಾಗದಲ್ಲಿ ಸುತ್ತಲೂ ಒಂದು ಕಂದು ಉಂಗುರ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಇದೇ ಚಕ್ರದ ಮೇಲೆ ನಾನು ಗಾಡಿಯನ್ನು ಮೋಟರ್‌ವೇಯಲ್ಲಿ ಮನೆಗೆ ತಂದಿದ್ದೇನೆ. ಪಕ್ಕದಲ್ಲಿ ಮಗಳು ಕೂತಿದ್ದಳು.

ಎರಡು ಕಡೆಗೂ ಹೊಸ ಕಂಬ, ಹೊಸ ಟ್ರನಿಯನ್ ತರಿಸಿದೆ. ಹಾಕಿ ಆಯಿತು. ಎರಡು ಭಾನುವಾರ ಹೋಯಿತು.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ನಮ್ಮ ಹೆರಾಲ್ಡಿಗೆ ಏನು ಹಾಕ್ತಿದ್ರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗ್ರೀಸು ಅಂದರು.

ಸುಮ್ನೆ_ಕೇಳ್ದೆ | ಏಪ್ರಿಲ್ 7

ಇಷ್ಟು ಅಪಾಯ ಅಂತ ಗೊತ್ತಿದ್ದೂ ಆ ಕಂಪನಿಯವರು ಯಾಕೆ ಹಾಗೆ ಮಾಡಿದರು?

ಏಳು_ಬೈ_ಹದಿನಾರು | ಏಪ್ರಿಲ್ 7

ಆಯಿಲ್ ಹಾಕಿದರೆ ಅದು ಒಳ್ಳೆಯ ವ್ಯವಸ್ಥೆಯೇ. ಅದರಿಂದಲೇ ಸ್ಪಿಟ್‌ಫೈರ್ 24 ಅಡಿ ಅಗಲದ ವೃತ್ತದಲ್ಲಿ ತಿರುಗುತ್ತದೆ ಅಂತ ಪೂರ್ತಿ ಶ್ರೇಯ ಕೊಡಲ್ಲ, ಆದರೆ ಆ ಮುಂದಿನ ಚಕ್ರ ತಿರುಗುವ ಕೋನ ನೋಡಿದರೆ ಇವತ್ತಿನ ಕಾರುಗಳು ನಾಚಬೇಕು. ಕೈಪಿಡಿಯಲ್ಲಿ ಗೇರ್ ಆಯಿಲ್ ಅಂತಲೇ ಬರೆದಿದ್ದರು. ಓದಿದವರು ಕಡಿಮೆ.

ಅಂದಹಾಗೆ ಈ ಕಾರು ಹುಟ್ಟಿದ್ದೇ ಪವಾಡ. ಸ್ಟ್ಯಾಂಡರ್ಡ್-ಟ್ರಯಂಫ್ ಹತ್ತಿರ ದುಡ್ಡಿಲ್ಲದೆ ಮಾದರಿ ಕಾರನ್ನು ಫ್ಯಾಕ್ಟರಿ ಮೂಲೆಯಲ್ಲಿ ಬಟ್ಟೆ ಹೊದಿಸಿ ಬಿಟ್ಟಿದ್ದರು. 1961ರಲ್ಲಿ ಲೇಲ್ಯಾಂಡ್‌ನವರು ಸ್ಟ್ಯಾಂಡರ್ಡ್-ಟ್ರಯಂಫನ್ನು ಕೊಂಡ ಮೇಲೆ ಅವರ ಕಡೆಯವರು ಸುತ್ತಾಡುವಾಗ ಬಟ್ಟೆ ಸರಿಸಿ ನೋಡಿ, ಇದನ್ನು ಮಾಡಿ ಅಂದರು. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಬಂದವು. ನಮ್ಮ ಹೊಸಬರ ಗಾಡಿ ತಯಾರಾದದ್ದು ಅವರದೇ ಊರಿನ ಕ್ಯಾನ್ಲಿಯಲ್ಲಿ.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಜೂನ್ 14

ಸಿಲ್ ಕೆಲಸ ಮುಗಿಯಿತು. ಎರಡೂ ಪಕ್ಕ, ಮೂರೂ ಪದರ, ಫೋಟೋ ಸಮೇತ. ಕಾಲಿಡುವ ಜಾಗದ ತಗಡೂ ಹೊಸದು. ಬಾಗಿಲು ಈಗ ಒಂದು ಬೆರಳಲ್ಲಿ ಮುಚ್ಚುತ್ತದೆ. ಒಳಗೆಲ್ಲ ಮೇಣ ಸಿಂಪಡಿಸಿದ್ದೇನೆ. ನೀರು ಇಳಿಯುವ ತೂತುಗಳು ಮುಚ್ಚಿಹೋಗದ ಹಾಗೆ ತಂತಿ ಆಡಿಸಿದೆ.

ಈಗ ಎಂಜಿನ್. ಹೊಸ ಫಿಲ್ಟರ್ ಹಾಕಿದ ಮೇಲೆ ಬೆಳಗಿನ ಗಡಗಡ ಹೋಯಿತು. ಆದರೆ ಕ್ಲಚ್ ಒತ್ತಿದರೆ ಐಡಲ್ ಸ್ವಲ್ಪ ಕುಗ್ಗುತ್ತದೆ. ಕಾರ್ಬೊರೇಟರ್ ಹೊಂದಿಸಬೇಕಾ?

ಏಳು_ಬೈ_ಹದಿನಾರು | ಜೂನ್ 14

ಕಾರ್ಬೊರೇಟರ್ ಮುಟ್ಟಬೇಡಿ! ಎಂಜಿನ್ ಆಫ್ ಮಾಡಿ. ಒಬ್ಬರನ್ನು ಒಳಗೆ ಕೂರಿಸಿ ಕ್ಲಚ್ ಒತ್ತಿ ಬಿಡಲು ಹೇಳಿ. ನೀವು ಮುಂದೆ ನಿಂತು ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಪುಲ್ಲಿ ನೋಡಿ. ಅದು ಮುಂದಕ್ಕೆ ಹಿಂದಕ್ಕೆ ಸರಿಯುವುದು ಕಣ್ಣಿಗೆ ಕಂಡರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಜೂನ್ 14

ಮಗಳು ಕ್ಲಚ್ ಒತ್ತಿದಳು. ಕಂಡಿತು. ಒಂದು ಮಿ.ಮೀ. ಇರಬಹುದು. ಏನಿದು?

ಏಳು_ಬೈ_ಹದಿನಾರು | ಜೂನ್ 14

ಥ್ರಸ್ಟ್ ವಾಷರ್. ಈ ಎಂಜಿನ್ನಿನ ಹಳೇ ಕಾಯಿಲೆ. ಕ್ರ್ಯಾಂಕ್ ಉದ್ದಕ್ಕೆ ಸರಿಯದ ಹಾಗೆ ಹಿಂದಿನ ಮೇನ್ ಬೇರಿಂಗಿನ ಪಕ್ಕ ಎರಡು ಅರ್ಧಚಂದ್ರಗಳಿವೆ. ಕ್ಲಚ್ ಒತ್ತಿದಾಗೆಲ್ಲ ಭಾರ ಅದರ ಮೇಲೆ. ಸವೆದು ತೆಳ್ಳಗಾದರೆ ಜಾಗ ಬಿಟ್ಟು ಕೆಳಗೆ ಬೀಳುತ್ತವೆ. ಆಮೇಲೆ ಕ್ರ್ಯಾಂಕ್ ಬ್ಲಾಕನ್ನೇ ತಿನ್ನುತ್ತದೆ. ಅಷ್ಟಾದರೆ ಎಂಜಿನ್ ಮುಗಿಯಿತು. ಸರಿಯಾದ ಆಟ 0.1ರಿಂದ 0.2 ಮಿ.ಮೀ.

ಎಂಜಿನ್ ಇಳಿಸಬೇಕಾಗಿಲ್ಲ. ಕೆಳಗಿನಿಂದ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ, ಹಿಂದಿನ ಮೇನ್ ಕ್ಯಾಪ್ ತೆಗೆದರೆ ಕೈಗೆ ಸಿಗುತ್ತವೆ. ಹೊಸದು ಹಾಕುವಾಗ ಗೆರೆ ಇರುವ ಮುಖ ಕ್ರ್ಯಾಂಕ್ ಕಡೆ ಇರಬೇಕು. ಉಲ್ಟಾ ಹಾಕಿದರೆ ಒಂದು ವಾರದ ಬಾಳು.

ಕೆಂಪು ದೀಪದಲ್ಲಿ ಕ್ಲಚ್ ಒತ್ತಿ ಹಿಡಿದು ನಿಲ್ಲುವ ಅಭ್ಯಾಸ ಇದ್ದರೆ ಬಿಡಿ. ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಜೂನ್ 22

ಸಂಪ್ ಇಳಿಸಿದೆ. ತಳದಲ್ಲಿ, ಕಪ್ಪು ಕೆಸರಿನಲ್ಲಿ, ಒಂದು ಅರ್ಧಚಂದ್ರ ಮಲಗಿತ್ತು. ಇನ್ನೊಂದು ಜಾಗದಲ್ಲೇ ಇತ್ತು, ಬ್ಲೇಡಿನಷ್ಟು ತೆಳ್ಳಗೆ.

ಬ್ಲಾಕಿಗೆ ಏಟು ಬಿದ್ದಿಲ್ಲ. ಕ್ರ್ಯಾಂಕಿನ ಮುಖವೂ ನುಣುಪು. ಒಂದು ಸೈಜು ದಪ್ಪನೆಯದ್ದು ಹಾಕಿ ಅಳೆದೆ. 0.15 ಬಂತು. ಅಂಗಳದಲ್ಲಿ ಮಲಗಿದ್ದಲ್ಲೇ ಜೋರಾಗಿ ಕೂಗಿದೆ. ಪಕ್ಕದ ಮನೆಯವರು ಏನಾಯಿತೋ ಅಂತ ಬೇಲಿ ಮೇಲಿಂದ ಇಣುಕಿದರು.

ಮಿಡ್ಜೆಟ್_ಅಕ್ಕ | ಜೂನ್ 22

ಶಭಾಷ್. ಇನ್ನು ಪೆಟ್ರೋಲ್ ಪೈಪ್ ನೋಡಿ. 2021ರ ಸೆಪ್ಟೆಂಬರಿನಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇ10. ಅದರ ಎಥನಾಲ್ ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಕೆಳಗೆ ಬಿಸಿ ಸೈಲೆನ್ಸರ್ ಪೈಪು, ಮೇಲೆ ಜಿನುಗುವ ಪೆಟ್ರೋಲ್, ಯೋಚನೆ ಮಾಡಿ. ಆರ್9 ಅಂತ ಮುದ್ರೆ ಇರುವ ಪೈಪ್ ಪೂರ್ತಿ ಹಾಕಿ. ಸಾಧ್ಯವಾದರೆ ಸೂಪರ್ ಪೆಟ್ರೋಲ್ ಹಾಕಿಸಿ, ಅದು ಇ5.

ಸೀಸ ಇರುವ ಪೆಟ್ರೋಲ್ ಇಲ್ಲಿ 2000ದಿಂದ ಇಲ್ಲ. ಹಳೇ ವಾಲ್ವ್ ಸೀಟು ಸವೆಯದ ಹಾಗೆ ಕಾಯುತ್ತಿದ್ದದ್ದು ಆ ಸೀಸ. ಹೆಡ್ಡಿನಲ್ಲಿ ಗಟ್ಟಿ ವಾಲ್ವ್ ಸೀಟು ಹಾಕಿಸಿದ್ದಾರಾ ಅಂತ ಬಿಲ್ಲುಗಳಲ್ಲಿ ಹುಡುಕಿ. ಇಲ್ಲದಿದ್ದರೆ ಟ್ಯಾಂಕಿಗೆ ಅದಕ್ಕಂತಲೇ ಬರುವ ದ್ರವ ಸ್ವಲ್ಪ ಹಾಕಿ, ಟ್ಯಾಪೆಟ್ ಸಂದು (ವಾಲ್ವಿನ ತುದಿಯಲ್ಲಿ ಬಿಡುವ ಸಂದು) ಆಗಾಗ ನೋಡಿ. ನಿಮ್ಮದಕ್ಕೆ ತಣ್ಣಗಿದ್ದಾಗ 10 ಥೌ, ಅಂದರೆ ಇಂಚಿನ ನೂರರಲ್ಲೊಂದು ಭಾಗ. ಸಂದು ಸಲಸಲಕ್ಕೂ ಕಡಿಮೆಯಾಗುತ್ತಿದ್ದರೆ ಸೀಟು ಸವೆಯುತ್ತಿದೆ ಅಂತ.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಜೂನ್ 29

ಪೈಪ್ ಬದಲಾಯಿಸಿದೆ. ಟ್ಯಾಪೆಟ್ ಹೊಂದಿಸುವಾಗ ಬಾನೆಟ್ ಎತ್ತಿ ಟೈರಿನ ಮೇಲೆ ಕೂತೆ. ಮಗಳು ಇನ್ನೊಂದು ಟೈರಿನ ಮೇಲೆ.

ಈಗ ಎಡ ಇಂಡಿಕೇಟರ್ ಹಾಕಿದರೆ ಹಿಂದಿನ ಎಲ್ಲ ದೀಪವೂ ಮಂಕಾಗಿ ಮಿಣುಕುತ್ತವೆ. ಈ ಗಾಡಿಗಳ ದೀಪ, ಎಲೆಕ್ಟ್ರಿಕಲ್ ಸಾಮಾನು ಮಾಡಿದ ಲ್ಯೂಕಸ್ ಅಂದರೆ ಕತ್ತಲೆಯ ರಾಜಕುಮಾರ ಅಂತ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ.

ಹೆರಾಲ್ಡ್_ಮಾವ | ಜೂನ್ 29

ಅರ್ತ್ ನೋಡು. ದೀಪದ ಬುಡದಲ್ಲಿ ಕಪ್ಪು ವೈರು ಬಾಡಿಗೆ ಸೇರುವ ಜಾಗ ಉಜ್ಜು.

ಏಳು_ಬೈ_ಹದಿನಾರು | ಜೂನ್ 29

ಅಷ್ಟೇ. ಆ ಜೋಕು ನನಗೆ ಹಿಡಿಸಲ್ಲ. 50 ವರ್ಷ ಮಳೆಯಲ್ಲಿ ನೆನೆದ ಜೋಡಣೆ ಇನ್ನೂ ಕೆಲಸ ಮಾಡುತ್ತಿರುವುದೇ ಹೆಚ್ಚು. ಈ ವೈರಿಂಗ್ ಓದಲು ತುಂಬ ಸುಲಭ. ಕಂದು ಅಂದರೆ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ, ಹುಷಾರು. ಬಿಳಿ ಅಂದರೆ ಕೀ ತಿರುಗಿಸಿದ ಮೇಲೆ ಬರುವುದು. ಹಸಿರು ಅಂದರೆ ಅದೇ, ಫ್ಯೂಸ್ ದಾಟಿ. ನೇರಳೆ ಯಾವಾಗಲೂ ಇರುತ್ತದೆ, ಫ್ಯೂಸ್ ಸಮೇತ. ಕಪ್ಪು ಅರ್ತ್. ಇಷ್ಟು ಬಾಯಿಪಾಠ ಇದ್ದರೆ ಅರ್ಧ ರಿಪೇರಿ ಆಯಿತು.

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಆಗಸ್ಟ್ 17

ಅರ್ತ್ ಉಜ್ಜಿದ ಮೇಲೆ ದೀಪ ಸರಿಯಾಯಿತು ಮಾವ.

ಗೇಡನ್ನಿನ ಬ್ರಿಟಿಷ್ ಮೋಟರ್ ಮ್ಯೂಸಿಯಂಗೆ ಬರೆದು ಗಾಡಿಯ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದೆ. ಎಫ್‌ಎಚ್‌ನಿಂದ ಶುರುವಾಗುವ ಛಾಸಿ ನಂಬರ್ ಕೊಟ್ಟರೆ ಫ್ಯಾಕ್ಟರಿ ದಾಖಲೆ ನೋಡಿ ಕೊಡುತ್ತಾರೆ. ಇದು ಹುಟ್ಟುವಾಗ ಕೆಂಪು ಅಲ್ಲವಂತೆ. ಮಿಮೋಸಾ, ಅಂದರೆ ಹಳದಿ. ಡಿಕ್ಕಿಯ ರಬ್ಬರ್ ಎತ್ತಿ ನೋಡಿದರೆ ಹೌದು, ಕೆಳಗೆ ಹಳದಿ ಇದೆ. ಹೆಂಡತಿಗೆ ತೋರಿಸಿದೆ. ಅರಿಶಿನದ ಡಬ್ಬಿ ಥರ ಕಾಣುತ್ತೆ, ಹಾಗೇ ಮಾಡಿಸಿ ಅಂದಳು. ಮಾರ್ಚಿನಿಂದ ಈ ಗಾಡಿ ಬಗ್ಗೆ ಅವಳು ಆಡಿದ ಮೊದಲ ಒಳ್ಳೆ ಮಾತು.

ದುಡ್ಡು ಖಾಲಿ. ಬಣ್ಣ ಮುಂದಿನ ವರ್ಷಕ್ಕೆ. ಸಿಲ್ಲಿಗೆ ಬೂದು ಪ್ರೈಮರ್, ಉಳಿದದ್ದು ಕೆಂಪು. ಹಾಗೇ ಎಂಒಟಿಗೆ ಒಯ್ದೆ. ಪಾಸ್. ಹಿಂದಿನ ಆಕ್ಸೆಲಿನ ಕ್ರಾಸ್ ಜಾಯಿಂಟ್ ಸ್ವಲ್ಪ ಸಡಿಲ ಅಂತ ಮಾತ್ರ ಬರೆದರು.

ಸುಮ್ನೆ_ಕೇಳ್ದೆ | ಆಗಸ್ಟ್ 17

ಮಾವ, ಇಂಥ ಗಾಡಿಗೆ ನಮ್ಮಲ್ಲಿ ಕಾಗದ ಪತ್ರ ಹೇಗೆ? ಸುಮ್ನೆ ಕೇಳ್ದೆ.

ಹೆರಾಲ್ಡ್_ಮಾವ | ಆಗಸ್ಟ್ 17

2021ರಲ್ಲಿ ಕೇಂದ್ರದವರು ನಿಯಮ ತಂದಿದ್ದಾರೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ಅಂತ ಬೇರೆ ನೋಂದಣಿ, ನಂಬರಿನಲ್ಲಿ ವಿಎ ಅಕ್ಷರ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅದನ್ನು ಮಾಡಿಸಿದರೆ ದಿನಾ ತರಕಾರಿಗೆ ಒಯ್ಯುವ ಹಾಗಿಲ್ಲ. ನಾನು ತರಕಾರಿಗೆ ಒಯ್ಯುತ್ತೇನೆ, ಅದಕ್ಕೆ ಮಾಡಿಸಿಲ್ಲ.

ಮಗು, ಎಷ್ಟು ದೂರ ಓಡಿಸಿದೆ?

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಆಗಸ್ಟ್ 31

ಇವತ್ತು ಟಾಪ್ ತೆಗೆದು ವಾರಿಕ್‌ವರೆಗೆ ಹೋಗಿ ಬಂದೆವು ಮಾವ, ನಾನು ಮತ್ತು ಮಗಳು. ದಾರಿಯಲ್ಲಿ ಎರಡು ಸಲ ಮಳೆ. ಟಾಪ್ ಹಾಕುವಷ್ಟರಲ್ಲಿ ಎರಡು ಸಲವೂ ಮಳೆ ನಿಂತಿತು.

ಮನೆಗೆ ಬಂದ ಮೇಲೆ ನೋಡಿದರೆ ಮುಂದಿನ ಎರಡೂ ಚಕ್ರದ ಒಳಗಡೆ ಆಯಿಲ್ ಜಿನುಗಿ ಇಳಿದಿದೆ. ಸೀಲ್ ಹೋಯಿತಾ? ಮತ್ತೆ ಬಿಚ್ಚಲಾ?

ಹೆರಾಲ್ಡ್_ಮಾವ | ಆಗಸ್ಟ್ 31

ಯಾವ ಬಣ್ಣ?

ಮಲೆನಾಡಿಂದ_ಮಿಡ್‌ಲ್ಯಾಂಡ್ಸ್ | ಆಗಸ್ಟ್ 31

ಜೇನಿನ ಬಣ್ಣ.

ಹೆರಾಲ್ಡ್_ಮಾವ | ಆಗಸ್ಟ್ 31

ಬಿಚ್ಚಬೇಡ. ಒರೆಸು. ದೀಪಾವಳಿಗೆ ಮತ್ತೆ ತುಂಬಿಸು.